ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು



ಈಚೆಗೆ ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲಿಗೆ ಹೋದರೂ ನನಗೆ ಒಂದೇ ಪ್ರಶ್ನೆ ಎದುರಾಗುತ್ತಿದೆ. "ಭಾವಾ, ಆ ಕರೆಂಟ್ ಕಾರನ್ನು ಇನ್ನೂ ಇಟ್ಟುಕೊಂಡಿದ್ದೀರಾ?" ಕೇಳುವವರ ಮುಖದಲ್ಲಿ ಮರುಕವಿದೆ, ಮಾತಿನಲ್ಲಿ ಮಾತ್ರ ನನ್ನ ಮಗಳ ಮೇಲಿನ ಆರೋಪವಿದೆ. ಪಂಕ್ತಿಯಲ್ಲಿ ಕುಳಿತು ಇದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಡೆದದ್ದು ಬಂಧುಗಳಿಗೆ ತಿಳಿದೇ ಇದೆ. ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಒಂದು ರಾತ್ರಿ ಎರಡು ಗಂಟೆಗೆ ಪುತ್ತೂರಿನ ಕಡೆಯಿಂದ ಫೋನು ಬಂತು. ನನ್ನ ಪತ್ನಿಯ ಹಿರಿಯಣ್ಣ ತೀರಿಕೊಂಡಿದ್ದರು. ಮಧ್ಯಾಹ್ನ ಹನ್ನೆರಡೂವರೆಯವರೆಗೆ ಕಾಯುತ್ತೇವೆ ಎಂದರು. ನಾಲ್ಕು ಗಂಟೆಗೆ ಮಗಳು ಕಾರು ಹೊರಡಿಸಿದಳು. ಬ್ಯಾಟರಿ ಶೇಕಡಾ ತೊಂಬತ್ತರಷ್ಟಿತ್ತು. ಹಾಸನ ದಾಟಿದ ಮೇಲೆ ಒಂದು ಹೋಟೆಲಿನ ಅಂಗಳದಲ್ಲಿ ಶೀಘ್ರ ಚಾರ್ಜಿಂಗ್ ಯಂತ್ರವಿದೆಯೆಂದು ಅವಳ ಫೋನು ಹೇಳುತ್ತಿತ್ತು. ಅಲ್ಲಿ ಮುಕ್ಕಾಲು ಗಂಟೆ ನಿಂತರೆ ಹನ್ನೊಂದೂಕಾಲಕ್ಕೆ ತಲುಪುತ್ತೇವೆ ಎಂಬುದು ಅವಳ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನೇ ಕಲಿಸಿದ ಲೆಕ್ಕ.

ಏಳೂವರೆಗೆ ಅಲ್ಲಿಗೆ ತಲುಪಿದಾಗ ಯಂತ್ರದ ಪರದೆ ಕಪ್ಪಾಗಿತ್ತು. ಫೋನಿನಲ್ಲಿ ಮಾತ್ರ ಅದು 'ಲಭ್ಯ' ಎಂದೇ ಹಸಿರಾಗಿ ಹೊಳೆಯುತ್ತಿತ್ತು. ಸಹಾಯವಾಣಿಗೆ ಕರೆ ಮಾಡಿ ಅರ್ಧ ಗಂಟೆ ಸಂಗೀತ ಕೇಳಿದೆವು. ಹೋಟೆಲಿನ ಹುಡುಗ ಬಂದು, "ಅದು ಹೋಗಿ ಹದಿನೈದು ದಿನ ಆಯ್ತು ಸಾರ್, ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದ. ಬ್ಯಾಟರಿಯಲ್ಲಿ ಉಳಿದದ್ದು ಶೇಕಡಾ ಹನ್ನೆರಡು. ಎದೆ ಬಿಗಿಹಿಡಿದು ಹನ್ನೆರಡು ಕಿಲೋಮೀಟರು ಮುಂದೆ ಹೋದರೆ, ಅಲ್ಲಿನ ಎರಡು ಪ್ಲಗ್ಗುಗಳಲ್ಲಿ ಒಂದು ಕೆಟ್ಟಿತ್ತು. ಇನ್ನೊಂದರಲ್ಲಿ ಒಂದು ಕಾರು, ಅದರ ಹಿಂದೆ ಎರಡು ಟ್ಯಾಕ್ಸಿ. ನಡುವೆ ಒಮ್ಮೆ ಕರೆಂಟು ಹೋಯಿತು. ವಿಷಯ ತಿಳಿದ ಎರಡನೆಯ ಟ್ಯಾಕ್ಸಿಯ ಚಾಲಕ, "ಅಮ್ಮಾ, ನೀವು ಮೊದಲು ಹಾಕಿಕೊಳ್ಳಿ" ಎಂದು ಸರದಿ ಬಿಟ್ಟುಕೊಟ್ಟ. ಅವನ ದುಡಿಮೆಯ ಒಂದು ಗಂಟೆಯನ್ನು ಅಪರಿಚಿತಳಾದ ಹೆಣ್ಣುಮಗಳಿಗೆ ದಾನ ಮಾಡಿದ ಆ ಪುಣ್ಯಾತ್ಮನನ್ನು ಮರೆಯಲಾರೆ. ಆದರೂ ನಾವು ತಲುಪಿದಾಗ ಒಂದೂವರೆ ದಾಟಿತ್ತು. ಅಣ್ಣನ ಮುಖವನ್ನು ತಂಗಿ ನೋಡಲಾಗಲಿಲ್ಲ.

ಆ ದಿನದಿಂದ ಬಂಧುಗಳ ತೀರ್ಪು ಒಂದೇ: ತಪ್ಪು ವಿದ್ಯುತ್ ಕಾರಿನದು, ಅದನ್ನು ಕೊಂಡ ಮಗಳದು. ನಾನು ಇದನ್ನು ಒಪ್ಪುವುದಿಲ್ಲ. ತಪ್ಪು ಇರುವುದು ಬೇರೆ ಕಡೆ.

ನಾನು ಸೇವೆಗೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ನನ್ನ ತರಗತಿಯ ಪುಸ್ತಕದಲ್ಲಿ ಅರವತ್ತೆರಡು ಹೆಸರುಗಳಿದ್ದವು. ಸುಗ್ಗಿಯ ಕಾಲದಲ್ಲಿ ಬೆಂಚಿನ ಮೇಲೆ ಮೂವತ್ತು ಮಕ್ಕಳೂ ಇರುತ್ತಿರಲಿಲ್ಲ. ವಿಷಯ ಪರಿವೀಕ್ಷಕರು ಬಂದಾಗ ದಾಖಲಾತಿಯ ಸಂಖ್ಯೆಯನ್ನು ನೋಡಿ, "ಬಹಳ ಸಂತೋಷ" ಎಂದು ಬರೆದು ಹೋಗುತ್ತಿದ್ದರು. ಖಾಲಿ ಬೆಂಚುಗಳು ಅವರ ವರದಿಯಲ್ಲಿ ಎಂದೂ ಬರಲಿಲ್ಲ. ಇಂದು ನಮ್ಮ ಹೆದ್ದಾರಿಗಳ ಚಾರ್ಜಿಂಗ್ ಯಂತ್ರಗಳ ಲೆಕ್ಕವನ್ನು ಓದಿದಾಗಲೆಲ್ಲ ನನಗೆ ಆ ವರದಿಯೇ ನೆನಪಾಗುತ್ತದೆ.

ಲೆಕ್ಕಕ್ಕೇನೂ ಕೊರತೆಯಿಲ್ಲ. 2001ರಲ್ಲೇ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದ ಊರು ನಮ್ಮ ಬೆಂಗಳೂರು. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ನಮ್ಮದು. 2018ರ ಡಿಸೆಂಬರಿನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೆದ್ದಾರಿಯ ಎರಡೂ ಬದಿಗಳಲ್ಲಿ ಪ್ರತಿ 25 ಕಿಲೋಮೀಟರಿಗೆ ಒಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಹೇಳಲಾಯಿತು. 2023ರಲ್ಲಿ ಸರ್ಕಾರಿ ತೈಲ ಕಂಪನಿಗಳ ಪೆಟ್ರೋಲ್ ಬಂಕುಗಳಲ್ಲಿ 7,432 ಶೀಘ್ರ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾಯಿತು. 2024ರ 'ಪಿಎಂ ಇ-ಡ್ರೈವ್' ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ತೆಗೆದಿರಿಸಿ, ಕಾರುಗಳಿಗಾಗಿ 22,100 ಶೀಘ್ರ ಚಾರ್ಜರುಗಳ ಗುರಿ ಇಡಲಾಯಿತು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ 2024ರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲಿಗ. ಐದು ಸಾವಿರಕ್ಕೂ ಹೆಚ್ಚು. ಆದರೆ ಅವುಗಳಲ್ಲಿ ಬಹುಪಾಲು ಇದ್ದದ್ದು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ! ಮೊದಲ ಬೆಂಚಿನಲ್ಲಿ ಮಕ್ಕಳು ಕಿಕ್ಕಿರಿದಿದ್ದಾರೆ, ಹಿಂದಿನ ಬೆಂಚುಗಳು ಖಾಲಿ. ಸರಾಸರಿ ತೆಗೆದು ತರಗತಿ ತುಂಬಿದೆ ಎನ್ನುತ್ತೇವೆ.

ಈ ಎಲ್ಲ ಅಂಕಿಗಳಲ್ಲಿ ಒಂದು ಅಂಕಿ ಮಾತ್ರ ಕಾಣುವುದಿಲ್ಲ. ನೆಟ್ಟ ಯಂತ್ರಗಳಲ್ಲಿ ಇಂದು ಬೆಳಿಗ್ಗೆ ಏಳೂವರೆಗೆ ಎಷ್ಟು ಕೆಲಸ ಮಾಡುತ್ತಿದ್ದವು? ನಾನು ಕೇಳುವುದು ಈ ಹಾಜರಿಯನ್ನು.

ಊರೊಳಗೆ ಕೆಟ್ಟ ಯಂತ್ರಕ್ಕೂ ಹೆದ್ದಾರಿಯಲ್ಲಿ ಕೆಟ್ಟ ಯಂತ್ರಕ್ಕೂ ಇರುವ ಅಂತರವನ್ನು ವಿಜ್ಞಾನದ ಮೇಷ್ಟರಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಕಾರಿನ ಬ್ಯಾಟರಿ ಸುಮಾರು 40 ಯುನಿಟ್ಟಿನದು. ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಮೂರು ಚಿಲ್ಲರೆ ಯುನಿಟ್ ತುಂಬಿದರೆ ಹನ್ನೆರಡು ಗಂಟೆ ಬೇಕು. ರಾತ್ರಿ ಮಲಗಿ ಏಳುವಷ್ಟರಲ್ಲಿ ಆಗುತ್ತದೆ. ನಗರದೊಳಗಿನ ಓಡಾಟಕ್ಕೆ ಅದೇ ಸಾಕು. ದಾರಿಯಲ್ಲಿ ಹನ್ನೆರಡು ಗಂಟೆ ಕೂರಲಾದೀತೇ? ಅಲ್ಲಿ 50 ಕಿಲೋವಾಟಿನ ಶೀಘ್ರ ಚಾರ್ಜರ್ ಇದ್ದರೆ ಮುಕ್ಕಾಲು ಗಂಟೆಯಲ್ಲಿ ಶೇಕಡಾ 80ರವರೆಗೆ ತುಂಬುತ್ತದೆ. ಅಂದರೆ ಶೀಘ್ರ ಚಾರ್ಜರಿನ ನಿಜವಾದ ಅಗತ್ಯವಿರುವುದು ಹೆದ್ದಾರಿಯಲ್ಲೇ, ಅದರಲ್ಲೂ ಬೇರೆ ಗತಿಯಿಲ್ಲದ ಕಡೆ.

ಶಿರಾಡಿ ಘಟ್ಟವನ್ನೇ ತೆಗೆದುಕೊಳ್ಳಿ. ಜನರೂ ಸೇರಿ 1,900 ಕಿಲೋ ತೂಗುವ ಕಾರನ್ನು 800 ಮೀಟರ್ ಎತ್ತರಕ್ಕೆ ಏರಿಸಲು, ಒಂಬತ್ತನೆಯ ತರಗತಿಯ ಸೂತ್ರದ ಪ್ರಕಾರ, ಸುಮಾರು ನಾಲ್ಕು ಯುನಿಟ್ ಶಕ್ತಿ ಬೇಕು. ಇದು ಸಾಮಾನ್ಯ ಖರ್ಚಿನ ಮೇಲೆ ಬೀಳುವ ಹೊರೆ. ಸಮತಟ್ಟಿನಲ್ಲಿ ಇಪ್ಪತ್ತೈದು ಕಿಲೋಮೀಟರ್ ಓಡಿಸಬಹುದಾದಷ್ಟು ಶಕ್ತಿ ಬರೀ ಏರುವುದಕ್ಕೇ ವ್ಯಯವಾಗುತ್ತದೆ. ಇಳಿಯುವಾಗ ಒಂದಷ್ಟು ಭಾಗ ಬ್ಯಾಟರಿಗೆ ಮರಳುತ್ತದೆ, ನಿಜ. ಆದರೆ ಮಂಗಳೂರಿನಿಂದ ಮೇಲೆ ಬರುವವನಿಗೆ ಅದರಿಂದೇನು ಪ್ರಯೋಜನ? ಘಟ್ಟದ ಬುಡದಲ್ಲಿ ಕೆಟ್ಟು ನಿಂತ ಒಂದು ಯಂತ್ರ ಬೆಂಗಳೂರಿನಲ್ಲಿ ಕೆಟ್ಟ ಐವತ್ತು ಯಂತ್ರಗಳಿಗಿಂತ ಹೆಚ್ಚಿನ ಹಾನಿ ಮಾಡುತ್ತದೆ. ಎರಡನ್ನೂ 'ಒಂದು' ಎಂದೇ ಎಣಿಸುವ ಗಣಿತ ಸುಳ್ಳು ಗಣಿತ.

"ಯಂತ್ರವೆಂದ ಮೇಲೆ ಕೆಡುತ್ತದೆ, ಏನು ಮಾಡುವುದು?" ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣದಿಂದ ಸ್ಥಾಪಿಸುವ ಚಾರ್ಜರುಗಳಿಗೆ 2023ರ ಫೆಬ್ರವರಿಯಲ್ಲಿ ನಿಯಮ ಮಾಡಿದರು: ಪ್ರತಿಯೊಂದು ಪ್ಲಗ್ಗೂ ವರ್ಷದಲ್ಲಿ ಶೇಕಡಾ 97ಕ್ಕಿಂತ ಹೆಚ್ಚು ಕಾಲ ಕೆಲಸ ಮಾಡುತ್ತಿರಬೇಕು. ಬ್ರಿಟನ್ನಿನಲ್ಲಿ ಅದೇ ವರ್ಷ ಶೀಘ್ರ ಚಾರ್ಜಿಂಗ್ ಜಾಲಗಳಿಗೆ ಶೇಕಡಾ 99ರ ನಿಯಮ ಮಾಡಿದರು. ಅವರಿಗೂ ಯಂತ್ರಗಳು ಕೆಡುತ್ತವೆ. ಆದರೆ ಅವರು ಹಾಜರಿ ತೆಗೆದುಕೊಳ್ಳಲು ನಿರ್ಧರಿಸಿದರು.

ಅಷ್ಟು ದೂರ ಹೋಗುವುದೂ ಬೇಡ. ಎಸ್.ಟಿ.ಡಿ. ಬೂತುಗಳನ್ನು ನೆನಪಿಸಿಕೊಳ್ಳಿ. 1990ರ ದಶಕದಲ್ಲಿ ನಮ್ಮ ಚಿಕ್ಕ ಚಿಕ್ಕ ಊರುಗಳಿಗೂ ಅವು ಬಂದವು. ಎಷ್ಟೋ ಬೂತುಗಳನ್ನು ಅಂಗವಿಕಲರಿಗೆ ಆದ್ಯತೆಯ ಮೇಲೆ ಕೊಟ್ಟಿದ್ದರು. ಫೋನು ಕೆಟ್ಟರೆ ಬೂತಿನವನು ಮಧ್ಯಾಹ್ನದೊಳಗೆ ಟೆಲಿಫೋನ್ ಆಫೀಸಿನ ಬಾಗಿಲಲ್ಲಿ ಇರುತ್ತಿದ್ದ. ಏಕೆ? ಪ್ರತಿ ಕರೆಗೂ ಅವನಿಗೆ ಕಮಿಷನ್ ಇತ್ತು. ಫೋನು ಸತ್ತರೆ ಅವನ ಮನೆಯ ಒಲೆಯೂ ಆರುತ್ತಿತ್ತು. ಆ ಹೋಟೆಲಿನ ಹುಡುಗ "ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದನಲ್ಲ, ರೋಗದ ಮೂಲ ಆ ಮಾತಿನಲ್ಲಿದೆ. ಯಂತ್ರ ಒಬ್ಬರದು, ಜಾಗ ಇನ್ನೊಬ್ಬರದು, ಕರೆಂಟು ಮತ್ತೊಬ್ಬರದು, ಸಹಾಯಧನ ಸರ್ಕಾರದ್ದು; ಹೊಣೆ ಯಾರದೂ ಅಲ್ಲ.

ಆದ್ದರಿಂದ ನನ್ನ ವಾದವಿಷ್ಟೆ. ಯಂತ್ರ ನೆಟ್ಟದ್ದಕ್ಕೆ ಹಣ ಕೊಟ್ಟು ಕೈತೊಳೆದುಕೊಳ್ಳಬೇಡಿ; ಅದು ವರ್ಷವಿಡೀ ಕೆಲಸ ಮಾಡಿದ್ದಕ್ಕೆ ಕೊಡಿ. ಹೆದ್ದಾರಿಯ ಪ್ರತಿ ಕೇಂದ್ರವೂ ಎಷ್ಟು ದಿನ ಕೆಟ್ಟಿತ್ತೆಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಿ. ಒಂದೇ ಪ್ಲಗ್ಗಿರುವ ಕಡೆಯನ್ನು ಕೇಂದ್ರವೆಂದು ಎಣಿಸಬೇಡಿ. ಹೋಟೆಲಿನವನಿಗೋ ಪಂಕ್ಚರ್ ಅಂಗಡಿಯವನಿಗೋ ಪ್ರತಿ ಯುನಿಟ್ಟಿನ ಮೇಲೆ ಕಮಿಷನ್ ಕೊಟ್ಟು ಅವನನ್ನು ಹೊಣೆಗಾರನನ್ನಾಗಿ ಮಾಡಿ. ಐದು ಕಂಪನಿಗೆ ಐದು ಆ್ಯಪ್ ಎಂಬ ಕಾಟ ಬಿಟ್ಟು, ತರಕಾರಿ ಕೊಳ್ಳುವಂತೆ ಯುಪಿಐನಲ್ಲಿ ಹಣ ಕೊಡುವ ಏರ್ಪಾಟು ಮಾಡಿ.

"ವಾಹನಗಳೇ ಕಡಿಮೆ, ನಷ್ಟ ಯಾರು ಹೊರುತ್ತಾರೆ?" ಎಂದು ಕೇಳುವವರಿದ್ದಾರೆ. ಮಕ್ಕಳು ಬರುವುದಿಲ್ಲವೆಂದು ಶಾಲೆಗೆ ಬೀಗ ಹಾಕಿದರೆ ಮಕ್ಕಳು ಬಂದಾರೆಯೇ? ಇದು ಉಳ್ಳವರ ಅಳಲು ಎನ್ನುವವರೂ ಇದ್ದಾರೆ. ಅಂದು ಸಾಲಿನಲ್ಲಿ ಕಾಯುತ್ತಿದ್ದ ಇಬ್ಬರೂ ಬಾಡಿಗೆ ಓಡಿಸಿ ಸಾಲದ ಕಂತು ಕಟ್ಟುವವರು. ಕೆಟ್ಟ ಯಂತ್ರದ ಬಿಸಿ ಮೊದಲು ತಟ್ಟುವುದು ಅವರಿಗೇ.

ಇನ್ನು ಬಂಧುಗಳಿಗೆ ಒಂದು ಮಾತು. ಪೆಟ್ರೋಲ್ ಕಾರಿದ್ದರೆ ನಾವು ಸಮಯಕ್ಕೆ ತಲುಪುತ್ತಿದ್ದೆವು. ಒಪ್ಪುತ್ತೇನೆ. ಅದು ಪೆಟ್ರೋಲಿನ ಹಿರಿಮೆಯಲ್ಲ. ಪ್ರತಿ ಬಂಕಿನಲ್ಲೂ ರಾತ್ರಿಹಗಲು ಒಬ್ಬ ಮನುಷ್ಯ ನಿಂತಿರುತ್ತಾನೆ ಎಂಬುದರ ಹಿರಿಮೆ. ಪರದೆಯ ಹಸಿರು ಬಣ್ಣವನ್ನು ನಂಬಿದ್ದು ಮಗಳ ತಪ್ಪೆನ್ನುವುದಾದರೆ, ವರದಿಯಲ್ಲಿ ಬರೆದದ್ದನ್ನು ನಂಬಬೇಕೆಂದು ಅವಳಿಗೆ ಕಲಿಸಿದ ನನ್ನದೂ ತಪ್ಪು. ಆ ದಿನದಿಂದ ಅವಳು ತಾಯಿಯೆದುರು ಕಾರಿನ ಮಾತೆತ್ತುವುದಿಲ್ಲ. ನನ್ನ ಪತ್ನಿ ಅವಳನ್ನು ಒಮ್ಮೆಯೂ ದೂರಿಲ್ಲ. ಮುಂದಿನ ಸಮಾರಂಭದಲ್ಲಿ ನೀವೂ ದೂರಬೇಡಿ.

ವಿದ್ಯುತ್ ಇಲಾಖೆಯಲ್ಲಿ, ಹೆದ್ದಾರಿ ಕಾಮಗಾರಿಗಳಲ್ಲಿ, ಇಂಥ ಯಂತ್ರಗಳನ್ನು ಮಾಡುವ ಕಂಪನಿಗಳಲ್ಲಿ ನನ್ನ ವಿದ್ಯಾರ್ಥಿಗಳು ಅನೇಕರಿದ್ದೀರಿ. ನಿಮ್ಮ ಮೇಜಿನ ಮೇಲೆ ಯಂತ್ರಗಳ ಪಟ್ಟಿ ಬಂದಾಗ ಒಮ್ಮೆ ತಲೆಯೆತ್ತಿ, ಹೆಸರು ಕೂಗಿ ಹಾಜರಿ ತೆಗೆದುಕೊಳ್ಳಿ. ಉತ್ತರ ಬಾರದ ಹೆಸರಿನ ಮುಂದೆ ಧೈರ್ಯವಾಗಿ 'ಗೈರು' ಎಂದು ಬರೆಯಿರಿ. ನಿಮ್ಮ ಮೇಷ್ಟರ ಕೋರಿಕೆ ಇಷ್ಟೇ.