‘ವೇರ್’ ಎಂಬ ಒಂದು ಕ್ರಿಯಾಪದ

ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಗೆ ‘ವೇರ್’ ಎಂಬ ಪುಟ್ಟ ಕ್ರಿಯಾಪದ ಕೊಡುವ ಕಾಟ ಅಷ್ಟಿಷ್ಟಲ್ಲ. ಅಂಗಿಗೂ ಅದೇ, ಟೋಪಿಗೂ ಅದೇ, ಗಡ್ಡಕ್ಕೂ ಅದೇ; ಕೊನೆಗೆ ಸವೆದುಹೋದ ಪಾದರಕ್ಷೆಗೂ ಅದೇ. ಇಂಥ ಪದದ ಅರ್ಥಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದು ಅಧ್ಯಾಪಕರಲ್ಲಿ ಎಲ್ಲೆಡೆಯೂ ಇರುವ ರೂಢಿ. ಆ ರೂಢಿ ಪದದ ಜೀವವನ್ನೇ ತೆಗೆಯುತ್ತದೆಂದು ನನ್ನ ಅಭಿಪ್ರಾಯ.

ಚೀನೀ ಭಾಷೆಯಲ್ಲಿ ಅಂಗಿ, ಷರಾಯಿ, ಕಾಲುಚೀಲ, ಪಾದರಕ್ಷೆಗಳಿಗೆ ‘ಛ್ವಾನ್’ ಎಂಬ ಮಾತು. ಸೂಜಿಗೆ ದಾರ ಪೋಣಿಸುವುದಕ್ಕೂ ಅದೇ. ಟೋಪಿ, ಕನ್ನಡಕ, ಉಂಗುರ, ಕೈಗವಸುಗಳಿಗಾದರೋ ‘ದಾಯ್’. ಕಾಲುಚೀಲಕ್ಕೊಂದು, ಕೈಗವಸಿಗೊಂದು! ಇದನ್ನು ಕಂಡು ನಗುವ ಹಕ್ಕು ನಮಗಿಲ್ಲ. ಸೀರೆ ಉಟ್ಟು, ರವಿಕೆ ತೊಟ್ಟು, ಹೂ ಮುಡಿದು, ಕುಂಕುಮ ಇಟ್ಟು, ಶಾಲು ಹೊದ್ದು, ಕೆರ ಮೆಟ್ಟುವ ಜನ ನಾವು. ಹೂವನ್ನು ಉಟ್ಟಳೆಂದರೆ ನಮ್ಮ ಹಳ್ಳಿಯ ಮಗುವೂ ನಕ್ಕೀತು. ಗಡ್ಡದ ವಿಷಯದಲ್ಲಂತೂ ಚೀನೀಯರು ಅದನ್ನು ‘ಉಳಿಸಿಕೊಳ್ಳುತ್ತಾರೆ’, ನಾವು ‘ಬಿಡುತ್ತೇವೆ’, ಧರಿಸುವವನು ಇಂಗ್ಲಿಷಿನವನೇ.

ಹಾಗಾದರೆ ‘ವೇರ್’ಗೆ ಹಲವು ಅರ್ಥಗಳೆಂಬುದು ಯಾರ ಲೆಕ್ಕ? ಅಳತೆಗೋಲು ಕಲಿಯುವವನ ತಾಯ್ನುಡಿಯದು. ಆಂಗ್ಲನಿಗೆ ಅಂಗಿಯೂ ಟೋಪಿಯೂ ಒಂದೇ ಸಂಗತಿ: ಮೈಮೇಲೆ ಇರುವುದು. ‘ಇರುವುದು’ ಎಂಬುದನ್ನು ಒತ್ತಿ ಹೇಳಬೇಕು. ಚೀನೀ ವಿದ್ಯಾರ್ಥಿ ನಿಜವಾಗಿ ಎಡವುವುದು ಇಲ್ಲಿಯೇ. ಹಾಕಿಕೊಳ್ಳುವ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಪುಟ್ ಆನ್’ ಎಂಬ ಬೇರೆ ಮಾತುಂಟು. ‘ಛ್ವಾನ್’ ಆದರೋ ಎರಡನ್ನೂ ಹೊರುತ್ತದೆ; ಸ್ಥಿತಿಯನ್ನು ಹೇಳಬೇಕಾದಾಗ ‘ಜ’ ಎಂಬ ಪ್ರತ್ಯಯವೊಂದನ್ನು ಹಚ್ಚಿದರಾಯಿತು, ನಮ್ಮಲ್ಲಿ ‘ತೊಟ್ಟನು’ ಎಂಬುದು ‘ತೊಟ್ಟಿದ್ದಾನೆ’ ಆಗುವಂತೆ. ಆದುದರಿಂದಲೇ ಆತ, ಚಳಿಯೆನಿಸಿದೊಡನೆ ಕೋಟನ್ನು ‘ವೇರ್’ ಮಾಡಿ ಹೊರಟೆನೆಂದು ಬರೆಯುತ್ತಾನೆ. ಪಟ್ಟಿಯ ಹತ್ತು ಅರ್ಥಗಳನ್ನು ಒಪ್ಪಿಸಿದರೂ ಈ ತಪ್ಪು ಹೋಗದು.

ಇನ್ನು ಸವೆತದ ಮಾತು. ಪಟ್ಟಿಯಲ್ಲಿ ಅದು ಹಿಂದುಮುಂದಿಲ್ಲದೆ ಬಂದು ನಿಂತ ಅರ್ಥ. ಚೀನೀಯರು ಅದಕ್ಕೆ ಅರೆಯುವ, ಮಸೆಯುವ ‘ಮೋ’ ಎಂಬ ಮಾತನ್ನು ಬಳಸುವುದರಿಂದ ನಂಟು ಇನ್ನೂ ಮರೆಯಾಗುತ್ತದೆ. ಆದರೆ ಹಳೆಯ ಇಂಗ್ಲಿಷಿನ ‘ವೆರಿಯನ್’ ಎಂದರೆ ಉಡುವುದು, ಉಡಿಸುವುದು. ಸಂಸ್ಕೃತದ ‘ವಸ್ತ್ರ’ಕ್ಕೆ ಮೂಲವಾದ ‘ವಸ್’ ಧಾತುವಿಗೆ ಅದು ದಾಯಾದಿ. ದಿನವೂ ಉಟ್ಟ ಬಟ್ಟೆ ಸವೆಯುತ್ತದೆ. ಆ ಸವೆತ ಬಟ್ಟೆಯಿಂದ ಮೆಟ್ಟಿಲಿಗೆ, ಬಂಡೆಗೆ, ಮನುಷ್ಯನ ತಾಳ್ಮೆಗೆ ಹಬ್ಬಿತು. ಇಷ್ಟನ್ನು ತರಗತಿಯಲ್ಲಿ ಹೇಳಲು ಐದು ನಿಮಿಷ ಸಾಕು. ಮೊಣಕೈ ಸವೆದ ಹಳೆಯ ಕೋಟೊಂದನ್ನು ತೊಟ್ಟು ಹೋಗುವ ಅಧ್ಯಾಪಕನಿಗೆ ಅಷ್ಟೂ ಬೇಡ.