ಪಡಸಾಲ್ಯಾಗಿನ ಗರಗಸ

ಮನ್ಯಾಗ ಬಡಿಗತನದ ಕೆಲಸಾ ಹಚ್ಚಿದ್ವಿ ಅಂದ್ರ ನಾವು ಹೆಣ್ಮಕ್ಕಳು ಕೇಳೋ ಪ್ರಶ್ನೆ ಎರಡೇ. ಎಷ್ಟು ದಿನಾ ಹಿಡೀತದ, ಎಷ್ಟು ರೊಕ್ಕಾ ಆಗ್ತದ. ಆಮ್ಯಾಲೆ ಲ್ಯಾಮಿನೇಟಿನ ಬಣ್ಣಾ ಆರಿಸ್ಲಿಕ್ಕೆ ಕೂತಬಿಡ್ತೀವಿ. ಆ ಬಡಿಗೇರ್ರು ನಮ್ಮ ಪಡಸಾಲ್ಯಾಗ, ನಾವು ದಿನಾ ಅಡ್ಡಾಡೋ ಜಾಗಾದಾಗ, ಒಂದು ಗರಗಸದ ಮೇಜು ಹೂಡ್ತಾರಲ್ಲ, ಅದನ್ನ ಮಾತ್ರ ನೋಡಿದ್ರೂ ನೋಡಧಂಗ ಇರ್ತೀವಿ. "ಅದು ಅವರ ಕೆಲಸ, ಅವರಿಗೆ ಗೊತ್ತಿರ್ತದ" ಅಂತ. ನನಗ ಈ ಮಾತು ಒಪ್ಪಿಗಿಲ್ಲ. ಗರಗಸಾ ಅವರದು, ಪಡಸಾಲಿ ನಮ್ಮದು. ಅದು ನೆಟ್ಟಗ ಕೂಡೋತನಕಾ ಒಂದು ಹಲಗಿನೂ ಕೊಯ್ಯಬಾರದು ಅಂತ ಹೇಳೋ ಹಕ್ಕು ಮನಿ ಹೆಣ್ಮಗಳಿಗದ. ಹಕ್ಕಷ್ಟೇ ಅಲ್ಲ, ಹೇಳಲೇಬೇಕು ಅಂತೀನಿ ನಾನು.

ಯಾವ ಮೇಜು ಅಂತ ನೀವೆಲ್ಲಾ ನೋಡೇ ಇರ್ತೀರಿ. ಒಂದು ದಪ್ಪ ಪ್ಲೈವುಡ್ ಹಲಗಿ, ಕೆಳಗ ನಾಕು ಕಾಲು, ಹಲಗಿ ನಡುವ ಒಂದು ಸೀಳು. ಕೈಲೆ ಹಿಡದು ಕೊಯ್ಯೋ ಕಟಿಂಗ್ ಮಶೀನನ್ನ ಡಬ್ಬ ಹಾಕಿ ಹಲಗಿ ಕೆಳಗ ಬೋಲ್ಟ್ ಬಿಗದಿರ್ತಾರ. ಬ್ಲೇಡಷ್ಟೇ ಸೀಳಿನಿಂದ ಮ್ಯಾಲೆ ಬಂದು ನಿಂತಿರ್ತದ. ಈಗ ವಿಚಾರ ಮಾಡ್ರಿ, ಆ ಮಶೀನು ಕೈಯಾಗ ಹಿಡೀಲಿಕ್ಕೆ ಮಾಡಿದ್ದು. ಬೆರಳು ಬಿಟ್ರ ನಿಂದರಬೇಕು, ಅಂಥಾ ಸ್ವಿಚ್ಚು ಅದರದು. ಹಲ್ಲು ಮುಚ್ಚಿಕೊಳ್ಳಲಿಕ್ಕೆ ತಾನಾಗೇ ಸರಿಯೋ ಒಂದು ಗಾರ್ಡೂ ಇರ್ತದ. ಡಬ್ಬ ಹಾಕಿದ ಕೂಡಲೆ ಎರಡೂ ಕೆಲಸಕ್ಕ ಬರೂದಿಲ್ಲ. ಗಾರ್ಡು ಬಿಚ್ಚಿ ಚೀಲದಾಗ ಹಾಕ್ತಾರ, ಸ್ವಿಚ್ಚಿಗೆ ತಂತಿ ಸುತ್ತಿ ಕಾಯಂ ಒತ್ತಿಟ್ಟಬಿಡ್ತಾರ. ಇದ್ದ ಎರಡು ರಕ್ಷಣಾ ಹೋದ್ವು, ಅವುಗಳ ಬದಲಿ ಏನೂ ಬರಲಿಲ್ಲ. ಕುಕ್ಕರಿನ ಸೇಫ್ಟಿ ವಾಲ್ವ್ ಕಿತ್ತು ಅಲ್ಲೆ ಒಂದು ಬೆಣಿ ಜಡದು ಬ್ಯಾಳಿ ಇಡು ಅಂದ್ರ ನಾವ್ಯಾರರೆ ಒಲಿ ಹಚ್ತೀವೇನು?

ನಮ್ಮ ಮನ್ಯಾಗ ಹೋದ ವರ್ಷ ಅಡಗಿಮನಿ ಕಪಾಟು, ಎರಡು ವಾರ್ಡ್‌ರೋಬು, ದೇವರಮನಿ ಬಾಗಲಾ ಅಂತ ಒಂದೂವರೆ ತಿಂಗಳು ಕೆಲಸಾ ನಡೀತು. ಬಂದ ಬಡಿಗೇರ್ರು ಭಾಳ ಛೊಲೊ ಕೆಲಸಗಾರ್ರು. ಅವರ ಎಡಗೈ ತೋರುಬೆರಳು ಮ್ಯಾಲಿನ ಗೆಣ್ಣು ಇರಲಿಲ್ಲ. ಚಹಾ ಕೊಡೋ ಮುಂದ ನಾ ನೋಡಿದ್ದು ಕಂಡು ಅವರೇ ಅಂದ್ರು, "ಕರೆಂಟ್ ಹೋಗಿತ್ರೀ ಅಕ್ಕಾರ. ಬ್ಲೇಡಿನ್ಯಾಗ ಚೂರು ಸಿಕ್ಕೊಂಡಿತ್ತು, ತಗ್ಯಾಕ ಬೆರಳು ಹಾಕಿದ್ನಿ. ಕರೆಂಟ್ ಬಂತು."

ಇಷ್ಟೇ ಮಾತು. ನಮ್ಮೂರಾಗ ಕರೆಂಟು ಹೇಳಿ ಕೇಳಿ ಹೋಗ್ತದೇನು, ಹೇಳಿ ಕೇಳಿ ಬರ್ತದೇನು? ತಂತಿ ಸುತ್ತಿದ ಸ್ವಿಚ್ಚಿಗೆ ಕರೆಂಟು ಬಂದಿದ್ದೇ ತಡ, ಬ್ಲೇಡು ತಿರಗಲಿಕ್ಕೆ ಸುರು. ತಯಾರ ಸಿಗೋ ಒಳ್ಳೆ ಟೇಬಲ್ ಸಾ ಮಶೀನಿಗೆ ಇದಕ್ಕಂತನೇ ಬ್ಯಾರೆ ಸ್ವಿಚ್ಚು ಇರ್ತದ, ಕರೆಂಟು ಹೋಗಿ ಬಂದ್ರ ಮತ್ತ ಕೈಲೆ ಒತ್ತಿದ್ರಷ್ಟೇ ಹತ್ತತದ. ಹೊಲದಾಗ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡೀರಲ್ಲ, ಆಟೋ ಹಾಕಿರಲಿಲ್ಲಂದ್ರ ಹಸರು ಗುಂಡಿ ಮತ್ತ ಒತ್ತಬೇಕಲ್ಲ, ಅದೇ ತತ್ವ. ಮನಿಗೆ ಬರೋ ಎಲೆಕ್ಟ್ರಿಶಿಯನ್ನಗ ಹೇಳಿದ್ರ ಅಂಥಾದೊಂದು ಸ್ವಿಚ್ಚು ಮೇಜಿನ ಮುಂದಿನ ಕಾಲಿಗೆ ಕೂಡಿಸಿಕೊಡ್ತಾರ. ಕೆಂಪು ಗುಂಡಿ ದೊಡ್ಡದಿರಬೇಕು, ಎರಡೂ ಕೈ ಹಲಗಿ ಮ್ಯಾಲಿದ್ರ ಮೊಣಕಾಲಿಲೆ ದಬ್ಬಲಿಕ್ಕೆ ಬರೋ ಎತ್ತರದಾಗಿರಬೇಕು. ನಾನು ಮೊದಲ್ನೇ ದಿನಾನೇ ಇದನ್ನ ಹಾಕಿಸಿದೆ. ಖರ್ಚು ನಾವೇ ಕೊಟ್ವಿ. ಮೊದಲಿಗೆ ಬಡಿಗೇರ್ರು "ಇಪ್ಪತ್ತು ವರ್ಸಾತು, ಹಿಂಗ ಕೊಯ್ಯಾಕತ್ತೀನ್ರೀ" ಅಂದ್ರು. ನಾನು ಅವರ ಬೆರಳಿನ ಕಡೆ ನೋಡಲಿಲ್ಲ. ನೋಡೋ ಜರೂರಿರಲಿಲ್ಲ, ಅವರೇ ನೋಡಿಕೊಂಡ್ರು.

ಪ್ಲಗ್ಗಿನ ಮಾತು ಇಲ್ಲೇ ಹೇಳಿಬಿಡ್ತೀನಿ. ಮೊಬೈಲ್ ಚಾರ್ಜ್ ಮಾಡೋ ಸಣ್ಣ ಸಾಕೀಟಿಗೆ ಈ ಮಶೀನು ಹಾಕಲಿಕ್ಕೆ ಕೊಡಬ್ಯಾಡ್ರಿ. 1,800 ವ್ಯಾಟಿನ ಮಶೀನು ಸುಮಾರು 8 ಆಂಪ್ ಎಳೀತದ, ಸುರು ಆಗೋ ಮುಂದ ಇನ್ನೂ ಜಾಸ್ತಿ. ಗೀಜರಿಗೆ ಕೊಟ್ಟಿರ್ತೀವಲ್ಲ, ಆ 16 ಆಂಪಿನ ದೊಡ್ಡ ಮೂರು ಪಿನ್ನಿನ ಸಾಕೀಟೇ ಬೇಕು, ಅರ್ಥಿಂಗ್ ಇರಬೇಕು. ಎಕ್ಸ್‌ಟೆನ್ಶನ್ ವೈರು ಸುರಳಿ ಸುತ್ತಿದ್ದನ್ನ ಪೂರ್ತಿ ಬಿಚ್ಚಿ ಹಾಸಬೇಕು, ಸುತ್ತಿಟ್ಟ ವೈರು ಒಳಗೊಳಗೇ ಕಾಯ್ತದ. ಬ್ಲೇಡು ಮುಟ್ಟೋದಿದ್ರ, ಎತ್ತರಾ ಬದಲಿ ಮಾಡೋದಿದ್ರ, ಸಿಕ್ಕೊಂಡ ಚೂರು ತಗಿಯೋದಿದ್ರ, ಸ್ವಿಚ್ಚು ಆರಿಸೋದಲ್ಲ, ಪ್ಲಗ್ಗೇ ಕಿತ್ತು ಕಣ್ಣಿಗೆ ಕಾಣೋಹಂಗ ಮೇಜಿನ ಮ್ಯಾಲೆ ಇಡಬೇಕು.

ಬೆರಳು ಹೋಗೋದು ಎಲ್ಲಾರಿಗೂ ಗೊತ್ತಿರೋ ಅಂಜಿಕಿ. ಗೊತ್ತಿಲ್ಲದ ಅಂಜಿಕಿ ಇನ್ನೊಂದದ. ಹಲಗಿ ತಿರುಗಿ ಬಂದು ಹೊಡೀತದ. ಬಡಿಗೇರ್ರು ಇದಕ್ಕ "ಮಶೀನು ಒದೀತು" ಅಂತಾರ. ಯಾಕ ಒದೀತದ ಅಂದ್ರ, ಬ್ಲೇಡಿನ ನಮ್ಮ ಕಡೆ ಇರೋ ಹಲ್ಲು ಕೆಳಗ ಇಳೀತಿರ್ತಾವ, ಆಚಿ ಕಡೆ ಹಲ್ಲು ಮ್ಯಾಲೆ ಏರ್ತಿರ್ತಾವ. ಕೊಯ್ದ ಹಲಗಿ ಹಿಂದ ಹೋಗಿ ಬ್ಲೇಡಿಗೂ ಬಾಜೂಕಿನ ಗೈಡ್ ಪಟ್ಟಿಗೂ ನಡುವ ಬಿಗಿಯಾಗಿ ಸಿಕ್ಕೊಂಡ್ರ, ಆ ಮ್ಯಾಲೇರೋ ಹಲ್ಲು ಅದನ್ನ ಎತ್ತಿ ನಿಂತವರ ಹೊಟ್ಟಿಗೆ ಒಗೀತಾವ. ಕಣ್ಣು ಪಿಳಕಿಸೋದ್ರೊಳಗ ಆಗಿಹೋಗ್ತದ. ಹಲಗಿ ಜೋಡಿ ಕೈನೂ ಬ್ಲೇಡಿಗೆ ಎಳಕೊಂಡು ಹೋಗಬಹುದು.

ಇದನ್ನ ತಡಿಯೋದು ಎರಡು ಸಾಮಾನು. ಒಂದು ಗೈಡ್ ಪಟ್ಟಿ ನೆಟ್ಟಗಿರೋದು. ನೆಟ್ಟಗದೇನು ಅಂತ ನೋಡಲಿಕ್ಕೆ ನಮಗೂ ಬರ್ತದ, ರಂಗೋಲಿ ಚುಕ್ಕಿ ಸಾಲು ಹಿಡಿಯೋರಿಗೆ ಇದೇನು ಮಹಾ. ಪ್ಲಗ್ಗು ಕಿತ್ತ ಮ್ಯಾಲೆ ಬ್ಲೇಡಿನ ಒಂದು ಹಲ್ಲಿಗೆ ಪೆನ್ನಿಲೆ ಗುರುತು ಹಾಕ್ರಿ. ಅದು ಮುಂದಿದ್ದಾಗ ಅಲ್ಲಿಂದ ಪಟ್ಟಿತನಕಾ ಟೇಪ್ ಹಿಡೀರಿ. ಬ್ಲೇಡು ಸಾವಕಾಶ ತಿರಗಿಸಿ ಅದೇ ಹಲ್ಲು ಹಿಂದ ಬಂದಾಗ ಮತ್ತ ಹಿಡೀರಿ. ಎರಡೂ ಅಳತಿ ಒಂದೇ ಬರಬೇಕು. ಹಿಂದ ಒಂದು ಕೂದಲೆಳಿ ಅಗಲಾದ್ರ ನಡೀತದ, ಹಿಂದ ಇಕ್ಕಟ್ಟಾಗಬಾರದು. ಬೇರೆ ಹಲ್ಲಿನಿಂದ ಅಳದ್ರ ಲೆಕ್ಕಾ ತಪ್ಪತದ, ಅದಕ್ಕೇ ಗುರುತು. ಮೂಲೆಮಟ್ಟಾ ಹಚ್ಚಿ ಬ್ಲೇಡು ಹಲಗಿಗೆ ಕಾಟಕೋನ ನಿಂತದೋ ಇಲ್ಲೋ ಅದನ್ನೂ ನೋಡಬೇಕು, ಇಲ್ಲಾಂದ್ರ ಕಪಾಟಿನ ಬಾಗಲಾ ಜೀವಮಾನ ಮುಚ್ಚಂಗಿಲ್ಲ.

ಎರಡನೇದ್ದು, ಬ್ಲೇಡಿನ ಬೆನ್ನಿಗೇ ನಿಲ್ಲೋ ಒಂದು ತೆಳ್ಳನ ಪಟ್ಟಿ. ತಯಾರ ಮಶೀನಿನ್ಯಾಗ ಇದು ಉಕ್ಕಿಂದಿರ್ತದ, ರೈವಿಂಗ್ ನೈಫ್ ಅಂತಾರ. ಕೊಯ್ದ ಸೀಳಿನೊಳಗ ಇದು ನಿಂತಿರೋದ್ರಿಂದ ಕಟ್ಟಿಗಿ ಮತ್ತ ಕೂಡಿಕೊಂಡು ಬ್ಲೇಡನ್ನ ಹಿಡಿಯಂಗಿಲ್ಲ. ಮೇಜಿನ ಸೀಳಿಗೆ ಬಡಿಗೇರ್ರು ತಾವೇ ಇಂಥಾದ್ದು ಕೂಡಸಬಹುದು, ಅದಕ್ಕ ಬ್ಲೇಡಿನ ಹಲ್ಲಿಗಿಂತ ಒಂದು ಎಳಿ ತೆಳ್ಳಗಿರೋ ಗಟ್ಟಿ ಪಟ್ಟಿ ಬೇಕು. ಅದೇ ಪಟ್ಟಿ ತಲಿಗೆ ಒಂದು ಅಕ್ರಿಲಿಕ್ ತುಂಡು ಜೋಡಿಸಿದ್ರ ಬ್ಲೇಡಿನ ಮ್ಯಾಲೆ ಮುಚ್ಚಳಾನೂ ಆತು. ನಮ್ಮ ಬಡಿಗೇರ್ರು ಅರ್ಧಾ ತಾಸಿನ್ಯಾಗ ಮಾಡಿದ್ರು. ಅರ್ಧಾ ತಾಸಿನ ಕೆಲಸಾ ಯಾಕ ಯಾರೂ ಮಾಡಂಗಿಲ್ಲ ಅಂತ ಕೇಳಿದ್ರ, "ಯಾರೂ ಕೇಳೂದುಲ್ರೀ" ಅಂದ್ರು.

ಉಳಿದದ್ದು ಅಭ್ಯಾಸದ ಮಾತು. ಬ್ಲೇಡು ಹಲಗಿಗಿಂತ ಒಂದು ಹಲ್ಲಿನಷ್ಟು ಮ್ಯಾಲೆ ಕಂಡ್ರ ಸಾಕು, ನಾಕು ಬೆರಳು ಎತ್ತರ ನಿಲ್ಲಿಸೋ ಕಾರಣಿಲ್ಲ. ನಿಂದರೋದು ಬ್ಲೇಡಿನ ನೇರಕ್ಕಲ್ಲ, ಒಂಚೂರು ಬಾಜೂಕ. ಸಣ್ಣ ಪಟ್ಟಿ ಕೊಯ್ಯೋ ಮುಂದ ಬೆರಳಿಲೆ ದಬ್ಬದೆ ಕಟ್ಟಿಗಿ ಕೋಲಿಲೆ ದಬ್ಬಬೇಕು. ಪಟ್ಟಿಯ ಆಧಾರಿಲ್ಲದೆ ಬರೇ ಕೈ ಅಂದಾಜಿಲೆ ಕೊಯ್ಯಬಾರದು. ಬ್ಲೇಡು ತಿರಗೋ ಮುಂದ ಆಚಿ ಕಡೆ ಬಿದ್ದ ತುಂಡಿಗೆ ಕೈ ಚಾಚಬಾರದು. ಕಣ್ಣಿಗೆ ಕನ್ನಡಕಾ, ಕಿವಿಗೆ ಮುಚ್ಚಳಾ. ಕೈಗವಸು ಹಾಕ್ಕೋರಿ ಅಂತ ಕಾಳಜಿಲೆ ಹೇಳೋರಿದ್ದಾರ, ಅದು ಮಾತ್ರ ಬ್ಯಾಡ. ಬಟ್ಟಿ ಹಲ್ಲಿಗೆ ಸಿಕ್ರ ಕೈಯನ್ನ ಒಳಗ ಎಳೀತದ. ಇಳಿಬಿದ್ದ ಟವೆಲ್, ತೋಳು ಸಡ್ಲ ಅಂಗಿ, ಇವೂ ಬ್ಯಾಡ. ಬ್ಲೇಡಿನ ಮ್ಯಾಲೆ ಅದು ನಿಮಿಷಕ್ಕ ಹೆಚ್ಚಂದ್ರ ಎಷ್ಟು ಸುತ್ತು ತಡೀತದ ಅಂತ ಬರದಿರ್ತದ, ಮಶೀನಿನ ಮ್ಯಾಲೂ ಅದರ ಸುತ್ತು ಬರದಿರ್ತದ. ಮಶೀನಿಂದು ಬ್ಲೇಡಿಂದಕಿಂತ ಹೆಚ್ಚಿರಬಾರದು. ಪಿಯುಸಿ ಓದಿದ ನನಗ ಇಷ್ಟು ಓದಲಿಕ್ಕೆ ಬರ್ತದ, ನಿಮಗೂ ಬರ್ತದ.

ಅಂದ್ಹಂಗ ಅಮೆರಿಕಾದಾಗಿರೋ ನಮ್ಮಕ್ಕನ ಮಗಾ ಒಂದು ವಿಡಿಯೋ ತೋರಿಸಿದ್ದ. ಸಾಸ್ಟಾಪ್ ಅಂತ ಒಂದು ಗರಗಸ. ಸ್ಟೀವ್ ಗ್ಯಾಸ್ ಅನ್ನೋರು ಕಂಡುಹಿಡದದ್ದಂತ. ಬೆರಳಿನಂಥಾ ಹಸಿ ಪದಾರ್ಥ ಮುಟ್ಟಿದ್ರ ಸೆಕೆಂಡಿನ ನೂರನೇ ಒಂದು ಪಾಲೂ ಆಗಿರಂಗಿಲ್ಲ, ಬ್ಲೇಡು ಗಪ್ಪಂತ ನಿಂತು ಕೆಳಗ ಮುಳಗ್ತದ. ಬ್ಲೇಡು, ಬ್ರೇಕು ಎರಡೂ ಕೆಟ್ಟುಹೋಗ್ತಾವ, ಬೆರಳು ಉಳೀತದ. ಛೊಲೊ ಅದ. ಆದ್ರ ಅಷ್ಟು ದುಬಾರಿ ಮಶೀನು ನಮ್ಮ ಬಡಿಗೇರ್ರಿಗೆ ಯಾವಾಗ ಬರಬೇಕು? ಅದರ ಹಾದಿ ಕಾಯ್ಕೋತ ಒಂದು ಅಕ್ರಿಲಿಕ್ ತುಂಡಿಗೆ ಜಿಪುಣತನಾ ಮಾಡೋದು ನನಗ ತಿಳೀಲಾರದ್ದು.

ಬಾಜೂ ಮನಿ ವೈನಿ ಅಂದ್ರು, "ಹಿಂಗ ಕಿರಿಕಿರಿ ಮಾಡಿದ್ರ ಕೆಲಸಾ ಬಿಟ್ಟ ಹೋಗ್ತಾರ, ಆಮ್ಯಾಲೆ ಯಾರನ್ನ ಹುಡಕೋದು?" ಖರೆ ಅದ, ಹೇಳೋ ರೀತಿಲೆ ಹೇಳಬೇಕು. ಆದ್ರ ವೈನಿ, ಗಾರ್ಡು ಯಾಕ ತಗೀತಾರ ಅಂತ ಒಮ್ಮೆ ವಿಚಾರ ಮಾಡ್ರಿ. ಕೆಲಸಾ ಚದರ ಅಡಿ ಲೆಕ್ಕದ್ದು, ಸಾವಕಾಶ ಮಾಡಿದ್ರ ಅವರಿಗೇ ಲುಕ್ಸಾನು. ಮ್ಯಾಲೆ ನಮ್ಮ ಗದ್ದಲ. ದೀಪಾವಳಿ ಒಳಗ ಮುಗಸ್ರಿ, ಸ್ವಾಮಿಗಳ ಪಾದಪೂಜಿ ಅದ, ಹುಡುಗಿ ನೋಡ್ಲಿಕ್ಕೆ ಬರೋರಿದ್ದಾರ. ರಾತ್ರಿ ಹತ್ತಕ್ಕೂ ಬಲ್ಬ್ ಹಚ್ಚಿ ಕೊಯ್ಸೋರು ನಾವೇ. ನಿದ್ದಿಗಣ್ಣಿನ ಕೈ ಬ್ಲೇಡಿನ ಹತ್ರ ಹೋಗ್ತದ. ಅದಕ್ಕ ಮೊದಲೇ ಮಾತಾಡಿಕೊಳ್ಳೋ ಮುಂದ "ಸಂಜೀ ಆರಕ್ಕ ಮಶೀನು ಬಂದ್" ಅಂತ ಸೇರಿಸಿಬಿಡ್ರಿ. ಹತ್ತು ದಿನಾ ತಡಾ ಆದ್ರ ಆಗಲಿ. ಕಪಾಟಿಲ್ಲದ ಇಷ್ಟು ವರ್ಷಾ ಅಡಗಿ ಮಾಡೇವಿ.

ಜೋಡಿಗೆ ಬರೋ ಹುಡುಗ್ರ ವಯಸ್ಸೂ ಕೇಳ್ರಿ. ಹದಿನೆಂಟು ತುಂಬಲಾರದ ಹುಡುಗನ್ನ ಬ್ಲೇಡಿನ ಮುಂದ ನಿಲ್ಲಿಸೋದು ನಮ್ಮ ಮನ್ಯಾಗ ನಡಿಯಂಗಿಲ್ಲ ಅಂತ ಸ್ಪಷ್ಟ ಹೇಳ್ರಿ. ಹಲಗಿ ಎತ್ತಿಕೊಡಲಿ, ಮೊಳಿ ಕೊಡಲಿ, ಸಾಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡು ಅದ ಏನು ಅಂತನೂ ಕೇಳ್ರಿ. ಬಡಿಗೇರ್ರಿಗೂ ಅದು ಸಿಗ್ತದ, 18ರಿಂದ 60 ವಯಸ್ಸಿನವರು, ವರ್ಷದಾಗ 90 ದಿನಾ ದುಡದಿರಬೇಕು. ಅಪಘಾತಕ್ಕ ಅಲ್ಲಿಂದ ನೆರವಿರ್ತದ. ಭಾಳ ಮಂದಿ ಮಾಡಿಸಿರೂದೇ ಇಲ್ಲ.

ಮನಿಯವರ ಸಲುವಾಗಿ ಒಂದೆರಡು. ಸಾಧ್ಯಾದ್ರ ಮೇಜು ಹೊರಗ ಕಟ್ಟಿ ಮ್ಯಾಲೆ, ಇಲ್ಲಾಂದ್ರ ಬಾಗಲಾ ಹಾಕೋ ಖೋಲಿಯೊಳಗ. ಬಾಗಲದ ನೇರಕ್ಕ ಬ್ಲೇಡಿರಬಾರದು. ಮೊಮ್ಮಕ್ಕಳು "ಅಜ್ಜಿ" ಅಂತ ಓಡಿಬಂದ್ರ ಕೊಯ್ಯೋರು ಹೊಳ್ಳಿ ನೋಡ್ತಾರ, ಅಷ್ಟು ಸಾಕಾಗ್ತದ. ಕಟ್ಟಿಗಿ ಹೊಟ್ಟು ಬರೇ ಕಸಾ ಅಂತ ತಿಳೀಬ್ಯಾಡ್ರಿ. ಕಟ್ಟಿಗಿ ಧೂಳು ಕ್ಯಾನ್ಸರ್ ತರೋ ಪದಾರ್ಥದ ಪಟ್ಟಿಯೊಳಗ ಅದ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರೇ ಸೇರಿಸ್ಯಾರ. ಅವರಿಗೂ ಮಾಸ್ಕು, ಝಾಡಿಸೋ ನಮಗೂ ಮಾಸ್ಕು. ಒಣ ಕಸಬರಿಗಿಲೆ ಎಬ್ಬಿಸೋದಕ್ಕಿಂತ ನೀರು ಚಿಮುಕಿಸಿ ಬಳೀರಿ, ಪ್ಲಗ್ಗು ಕಿತ್ತ ಮ್ಯಾಲೆ. ದೇವರ ದೀಪಾ ಆ ಧೂಳಿನ ಹತ್ರ ಬ್ಯಾಡ, ಹೊಟ್ಟಿಗೆ ಬೆಂಕಿ ಲಗೂ ಹತ್ತತದ.

ಇಷ್ಟಾದ್ರೂ ಬೆರಳು ತುಂಡಾತು ಅಂದ್ರ ಮನ್ಯಾಗ ಇರೋರು ನಾವೇ, ಗಂಡಸರು ಆಫೀಸಿಗೆ ಹೋಗಿರ್ತಾರ. ಅರಿಷಿಣಾ, ಕಾಫಿಪುಡಿ ಒತ್ತಬ್ಯಾಡ್ರಿ. ಸ್ವಚ್ಛ ಬಟ್ಟಿ ಒತ್ತಿ ಹಿಡದು ಕೈ ಎದಿಗಿಂತ ಮ್ಯಾಲೆ ಎತ್ತಿ ಹಿಡೀಲಿಕ್ಕೆ ಹೇಳ್ರಿ. ತುಂಡಾದ ಬೆರಳನ್ನ ಸ್ವಚ್ಛ ಒದ್ದಿ ಬಟ್ಟ್ಯಾಗ ಸುತ್ತಿ, ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಕಟ್ಟಿ, ಆ ಚೀಲಾ ಬರ್ಫಿನ ನೀರಿನ ಡಬ್ಬಿಯೊಳಗ ಇಡ್ರಿ. ಬೆರಳಿಗೆ ಬರ್ಫು ನೇರ ತಾಗಬಾರದು, ಹಾಲಿನ್ಯಾಗ ಹಾಕಬಾರದು. ಬೆರಳು ಜೋಡಿಸೋ ಪ್ಲಾಸ್ಟಿಕ್ ಸರ್ಜನ್ನು ಯಾವ ಆಸ್ಪತ್ರ್ಯಾಗ ಇದ್ದಾರ ಅಂತ ಕೆಲಸಾ ಸುರು ಆಗೋ ಮೊದಲೇ ಕೇಳಿ, ನಂಬರ್ ಫ್ರಿಜ್ಜಿಗೆ ಅಂಟಿಸಿಡ್ರಿ. 108 ಎಲ್ಲಾರಿಗೂ ಗೊತ್ತದ. ಎಲ್ಲಿಗೆ ಒಯ್ಯಬೇಕು ಅನ್ನೋದರೊಳಗನೇ ತಾಸು ಹೋಗಿಬಿಡ್ತದ.

ವೈನಿ ಮನ್ಯಾಗ ಮುಂದಿನ ತಿಂಗಳು ಕೆಲಸಾ ಸುರು ಅದ. ಕಿರಿಕಿರಿ ಅಂದ ವೈನಿನೇ ಮೊನ್ನೆ ಬಂದು ಎಲೆಕ್ಟ್ರಿಶಿಯನ್ನನ ನಂಬರ್ ಒಯ್ದಾರ, ಹಿತ್ತಲ ಕಟ್ಟಿಗೆ 16 ಆಂಪಿನ ಸಾಕೀಟು ತಗಸ್ತಾರಂತ. ನಮ್ಮ ಆ ಕೆಂಪು ಗುಂಡಿ ಸ್ವಿಚ್ಚು ಇನ್ನೂ ಅಟ್ಟದ ಮ್ಯಾಲೆ ಅದ. ಯಾರಿಗರೆ ಬೇಕಾದ್ರ ಹೇಳ್ರಿ, ವೈನಿ ಕೆಲಸಾ ಮುಗದ ಮ್ಯಾಲೆ ಕೊಡ್ತೀನಿ.