ಕಡಲೂರಿನ ಕಿಟಕಿಗೆ "ಮೆಂಟೇನೆನ್ಸ್ ಫ್ರೀ" ಅಂತ ಒಂದಿಲ್ಲ

1/6
📷 ಫೋಟೋದಲ್ಲಿರುವುದು ನಮ್ಮ ಮನೆಯ ಪಡುವಣ ದಿಕ್ಕಿನ ಅಲ್ಯೂಮಿನಿಯಂ ಕಿಟಕಿ. ಹಾಕಿಸಿ ಆರು ವರ್ಷ ಆಯ್ತು, ಅಷ್ಟೇ. ಟ್ರ್ಯಾಕ್ ಒಳಗೆ ಬಿಳಿ ಪುಡಿ ನೋಡಿ. ಸ್ಕ್ರೂ ತಲೆಯಿಂದ ಇಳಿದ ಕಂದು ಗೆರೆ ನೋಡಿ. ಇದನ್ನು ಜಾರಿಸಲಿಕ್ಕೆ ಈಗ ಇಬ್ಬರು ಬೇಕು.

ಇದೇ ಜಾಗದಲ್ಲಿ ಮೊದಲು ಅಜ್ಜ ಮಾಡಿಸಿದ ಹೆಬ್ಬಲಸಿನ ಕಿಟಕಿ ಇತ್ತು. "ಇದೆಲ್ಲ ಹಳೇದಾಯ್ತು ಅಮ್ಮ, ತೆಗೆದು ಬಿಸಾಡಿ. ಹೊಸದು ಹಾಕಿದ್ರೆ ಜೀವಮಾನದಲ್ಲಿ ಮುಟ್ಟುವ ಕೆಲಸ ಇಲ್ಲ, ಮೆಂಟೇನೆನ್ಸ್ ಫ್ರೀ" ಅಂದ್ರು ಅಳತೆ ತೆಗೆಯಲಿಕ್ಕೆ ಬಂದವರು. ಅಮ್ಮ ಸಂಘದಲ್ಲಿ ಸಾಲ ಮಾಡಿ ಹತ್ತು ಕಿಟಕಿ ಬದಲಾಯಿಸಿದ್ರು. ವಾರ ವಾರ ಕಂತು ಕಟ್ಟಿದ್ರು. ಕೊನೆಯ ಕಂತು ಮುಗಿಯುವ ಮೊದಲೇ ಮೊದಲನೇ ರೋಲರ್ ಮುರಿದಿತ್ತು.

ನಮ್ಮದು ಕಾಪು ಕಡೆ. ನಡೆದ್ರೆ ಐದು ನಿಮಿಷಕ್ಕೆ ಕಡಲು. ಇಲ್ಲಿ ಕಿಟಕಿಯ ರೇಟ್ ಎಲ್ಲರೂ ಕೇಳ್ತಾರೆ. ಎಷ್ಟು ವರ್ಷ ಬರ್ತದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಸಿಟ್ಟು ಅದರ ಮೇಲೆ. ಮುಂದೆ ಓದಿ.

2/6
📷 ಒಂದೇ ಕಿಟಕಿ, ಹೊರಗಿನ ಮುಖ ಮತ್ತು ಟ್ರ್ಯಾಕ್‌ನ ಮೂಲೆ. ಮೂಲೆಯೇ ಜಾಸ್ತಿ ಹಾಳಾಗಿದೆ, ಗಮನಿಸಿದ್ರಾ?

ಅಲೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಹೊತ್ತು ತರ್ತದೆ. ನೀರು ಆರ್ತದೆ, ಉಪ್ಪು ಉಳೀತದೆ. ಉಪ್ಪಿಗೊಂದು ಗುಣ ಉಂಟು, ಗಾಳಿಯ ತೇವವನ್ನು ತಾನೇ ಎಳ್ಕೊಳ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಕಿಟಕಿಯ ಮೇಲೂ ಅದೇ ಕಥೆ. ಮಳೆ ಇಲ್ಲದ ದಿನವೂ ಲೋಹ ಒದ್ದೆಯಾಗಿಯೇ ಇರ್ತದೆ. ಅಲ್ಯೂಮಿನಿಯಂ, ಸ್ಟೀಲ್ ಎರಡರ ಮೇಲೂ ಕಣ್ಣಿಗೆ ಕಾಣದ ಒಂದು ರಕ್ಷಣೆಯ ಪದರ ಉಂಟು. ಉಪ್ಪಿನ ಕ್ಲೋರೈಡ್ ಅದನ್ನು ಅಲ್ಲಲ್ಲಿ ಒಡೆದು ಗುಂಡಿ ಮಾಡ್ತದೆ.

ಬಯಲಿಗಿರುವ ಭಾಗದ ಉಪ್ಪನ್ನು ಮಳೆ ತೊಳೆದು ಹಾಕ್ತದೆ. ಸನ್‌ಶೇಡ್ ಕೆಳಗಿನ ಮೂಲೆಗೆ, ಟ್ರ್ಯಾಕ್ ಒಳಗೆ ಮಳೆ ಸರಿಯಾಗಿ ತಾಗುವುದಿಲ್ಲ. ಉಪ್ಪು ಅಲ್ಲೇ ಕೂತ್ಕೊಳ್ತದೆ. ಸಾಲದ್ದಕ್ಕೆ ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸಿಕ್ಕಿದ್ರೆ ಸಣ್ಣ ಬ್ಯಾಟರಿ ಇಟ್ಟ ಹಾಗೆ. ಒಂದು ಲೋಹ ತಿಂದು ಹೋಗ್ತದೆ.

ಇದು ಪಾಠದಲ್ಲಿ ಇದ್ದದ್ದೇ, ಪರೀಕ್ಷೆಯಲ್ಲಿ ಬರೆದದ್ದೇ. ಮನೆಗೆ ಕೊಟೇಶನ್ ಬಂದಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

3/6
📷 ಅಮ್ಮನ ಹಳೇ ಡೈರಿಯ ಪುಟ. ಈಗ ಲೆಕ್ಕ ಮಾಡುವ.

ಹತ್ತು ಕಿಟಕಿ, ಒಂದೊಂದು 4 ಅಡಿಗೆ 4 ಅಡಿ. ಒಟ್ಟು 160 ಚದರಡಿ. ರೇಟ್ ಉದಾಹರಣೆಗೆ ಹಿಡಿದದ್ದು, ನೀವು ನಿಮ್ಮ ಊರಿನ ರೇಟ್ ಹಾಕಿ ನೋಡಿ.

ಅಗ್ಗದ್ದು: ಚದರಡಿಗೆ 450 ರೂ. ಅಂದ್ರೆ 72,000. ಮೇಲೆ 18% ಜಿಎಸ್‌ಟಿ ಸೇರಿ 84,960. ಏಳು ವರ್ಷ ಬಂತು ಅಂತ ಇಟ್ಕೊಳ್ಳಿ. ವರ್ಷಕ್ಕೆ ಸುಮಾರು 12,100 ರೂ.

ಒಳ್ಳೇದು: ಚದರಡಿಗೆ 800 ರೂ. ಅಂದ್ರೆ 1,28,000. ಜಿಎಸ್‌ಟಿ ಸೇರಿ 1,51,040. ನಡುವೆ ರೋಲರ್, ರಬ್ಬರ್ ಬದಲಾಯಿಸಲಿಕ್ಕೆ ಇನ್ನೂ 20,000 ಸೇರಿಸುವ. ಇಪ್ಪತ್ತು ವರ್ಷ ಬಂತು ಅಂದ್ರೆ ವರ್ಷಕ್ಕೆ ಸುಮಾರು 8,550 ರೂ.

ಯಾವುದು ಅಗ್ಗ ಈಗ ಹೇಳಿ.

ಹಳೇ ದಾರಂದ ಒಡೆಯುವುದು, ಗಾರೆ, ಸುಣ್ಣಬಣ್ಣ ಇದರಲ್ಲಿ ಸೇರಿಲ್ಲ. ಏಳು ವರ್ಷಕ್ಕೊಮ್ಮೆ ಬದಲಾಯಿಸುವವನಿಗೆ ಆ ಖರ್ಚೂ ಮತ್ತೆ ಮತ್ತೆ.

"ಒಂದೂವರೆ ಲಕ್ಷ ಒಟ್ಟಿಗೆ ಎಲ್ಲಿಂದ ತರುವುದು ಮಾರಾಯ?" ಅಂತ ನೀವು ಕೇಳ್ತೀರಿ. ಸರಿಯಾದ ಪ್ರಶ್ನೆ. ಆದ್ರೆ ಹತ್ತೂ ಕಿಟಕಿ ಒಂದೇ ಸಲ ತೆಗೆಯಬೇಕು ಅಂತ ಹೇಳಿದ್ದು ಯಾರು? ಮಾರುವವರು. ಕಡಲಿಗೆ ಮುಖ ಮಾಡಿದ ಮೂರನ್ನು ಮೊದಲು ಗಟ್ಟಿ ಮಾಡಿ. ಮೂಡುದಿಕ್ಕಿನವು ಕಾಯ್ತಾವೆ.

4/6
📷 ವಾರಂಟಿ ಕಾರ್ಡಿನ ಹಿಂಬದಿ. ಹೆಸರು ಮುಚ್ಚಿದ್ದೇನೆ, ಅವರೊಬ್ಬರದ್ದೇ ತಪ್ಪಲ್ಲ.

ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಇಷ್ಟು: ಕಡಲತೀರದ ಮನೆಗಳಲ್ಲಿ ತುಕ್ಕು ಹಿಡಿದ್ರೆ, ಬಣ್ಣ ಎದ್ರೆ ವಾರಂಟಿ ಇಲ್ಲ. ಕಡಲತೀರದಲ್ಲೇ ನಿಂತು ಮಾರಿದ ಕಿಟಕಿಗೆ! ಅಮ್ಮನಿಗೆ ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಓದಿ ಹೇಳಬೇಕಾದ ನಾನು ಆಗ ಫೋನ್‌ನಲ್ಲಿ ಗೇಮ್ ಆಡ್ತಿದ್ದೆ.

ಹಾಗಾಗಿ ಕೇಳಲೇಬೇಕಾದ ಮಾತುಗಳು:

🔩 ಸ್ಟೀಲ್ ಯಾವ ಗ್ರೇಡ್? 202 ಅಗ್ಗ, ನಿಕ್ಕಲ್ ಕಮ್ಮಿ, ಕಡಲ ಗಾಳಿಗೆ ಬೇಗ ತುಕ್ಕು. 304 ಅದಕ್ಕಿಂತ ವಾಸಿ. 316ರಲ್ಲಿ 2–3% ಮಾಲಿಬ್ಡಿನಂ ಇರ್ತದೆ, ಉಪ್ಪಿಗೆ ತಡೆಯುವುದು ಅದು. ಆಯಸ್ಕಾಂತ ಹಿಡಿದು "ಅಂಟುವುದಿಲ್ಲ ನೋಡಿ, ಒರಿಜಿನಲ್" ಅಂದ್ರೆ ನಂಬಬೇಡಿ. 202 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಗ್ರೇಡನ್ನು ಬಿಲ್ಲಿನಲ್ಲೇ ಬರೆಸಿ.

🔩 ಅಲ್ಯೂಮಿನಿಯಂ ಆದ್ರೆ ಪೌಡರ್ ಕೋಟಿಂಗ್ ಎಷ್ಟು ಮೈಕ್ರಾನ್? ಕತ್ತರಿಸಿದ ತುದಿಗೆ, ತೂತು ಕೊರೆದಲ್ಲಿಗೆ ಎಂತ ಹಚ್ತೀರಿ? ತುಕ್ಕು ಶುರುವಾಗುವುದೇ ಅಲ್ಲಿಂದ.

🔩 ಯುಪಿವಿಸಿ ಆದ್ರೆ ಪ್ಲಾಸ್ಟಿಕ್‌ಗೆ ತುಕ್ಕಿಲ್ಲ, ನಿಜ. ಆದ್ರೆ ಒಳಗೆ ಬಲಕ್ಕೆ ಇಟ್ಟದ್ದು ಸ್ಟೀಲ್. ಹಿಡಿ, ಲಾಕ್, ರೋಲರ್‌ಗಳಲ್ಲೂ ಲೋಹ ಉಂಟು. ಅವು ಯಾವುವು?

🔩 ಟ್ರ್ಯಾಕ್‌ನ ನೀರು ಹೊರಗೆ ಹೋಗುವ ತೂತು ಎಲ್ಲಿ? ಅದು ಮಣ್ಣು ಕಟ್ಟಿದ್ರೆ ಆಷಾಢದ ಮಳೆ ಸೀದಾ ಹಾಸಿಗೆಗೆ.

5/6
📷 ಬಚ್ಚಲುಕೋಣೆಯ ಕಿಟಕಿ. ಅಜ್ಜನ ಕಾಲದ್ದು. "ಇಲ್ಲಿ ಯಾರು ನೋಡ್ತಾರೆ" ಅಂತ ಬಿಟ್ಟದ್ದು. ಈಗಲೂ ಒಂದೇ ಬೆರಳಲ್ಲಿ ತೆರೀತದೆ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಮರಕ್ಕೆ ಒರಲೆ ಹಿಡೀತದೆ. ಮಳೆಗಾಲದಲ್ಲಿ ಉಬ್ಬಿ ಬಾಗಿಲು ಮುಚ್ಚುವುದಿಲ್ಲ. ಒಳ್ಳೆಯ ಮರ ಈಗ ಕೈಗೆಟುಕುವ ಬೆಲೆಯಲ್ಲಿ ಇಲ್ಲ. ಹೊಸಮನೆ ಕಟ್ಟುವವರಿಗೆ ಮರವೇ ಹಾಕಿ ಅಂತ ಹೇಳುವ ಧೈರ್ಯ ನನಗಿಲ್ಲ.

ಆದ್ರೆ ಮನೆಯಲ್ಲಿ ಈಗಾಗಲೇ ಇರುವ ಗಟ್ಟಿ ಮರವನ್ನು ಯಾಕೆ ಬಿಸಾಡುವುದು? ಕೆಳಗಿನ ಪಟ್ಟಿ ಕುಂಬಾದ್ರೆ ಆ ಪಟ್ಟಿ ಮಾತ್ರ ಬದಲಾಯಿಸ್ಬಹುದು. ಹಿತ್ತಾಳೆಯ ತಿರುಗಣಿ ಹಾಕ್ಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಒರಲೆ ದೂರ ಇಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಒಬ್ಬ ಆಚಾರಿಯ ಕೆಲವು ದಿನದ ಸಂಬಳದಲ್ಲಿ ಮುಗಿಯುವ ಕೆಲಸಕ್ಕೆ ನಾವು ಸಾಲ ಮಾಡಿದೆವು.

ಇನ್ನೊಂದು ಖರ್ಚು ಕೊಟೇಶನ್‌ನಲ್ಲಿ ಬರುವುದೇ ಇಲ್ಲ, ಗಾಳಿ. ಎರಡು ಬಾಗಿಲಿನ ಹಳೇ ಕಿಟಕಿ ಪೂರ್ತಿ ತೆರೀತದೆ. ಎರಡು ಗಾಜಿನ ಸ್ಲೈಡಿಂಗ್ ಎಷ್ಟು ತಳ್ಳಿದ್ರೂ ಅರ್ಧವೇ. ಏಪ್ರಿಲ್-ಮೇ ಸೆಕೆಗೆ ಆ ಅರ್ಧ ಗಾಳಿ ಸಾಲದೆ ಫ್ಯಾನ್ ಐದರಲ್ಲಿ ತಿರುಗ್ತದೆ, ಆಮೇಲೆ ಏಸಿ ಬರ್ತದೆ. ಆ ಕರೆಂಟ್ ಬಿಲ್ ಕೂಡ ಕಿಟಕಿಯ ರೇಟೇ.

6/6
📷 ಮಲ್ಪೆ ಬಂದರು. ದಡದಲ್ಲಿ ಬೋಟುಗಳು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, 61 ದಿನ. ಆ ರಜೆಯಲ್ಲಿ ಬೋಟಿನ ಕೆಲಸ ನಡೀತದೆ. ತುಕ್ಕು ಕೆರೆಯುವುದು, ಹಲಗೆ ನೋಡುವುದು, ಬಣ್ಣ ಹೊಡೆಯುವುದು. "ಮೆಂಟೇನೆನ್ಸ್ ಫ್ರೀ ಬೋಟ್" ಅಂತ ಯಾರಾದ್ರೂ ಮಾರಲಿಕ್ಕೆ ಬಂದ್ರೆ ಬಂದರಲ್ಲಿ ನಗಾಡಿ ಕಳಿಸ್ತಾರೆ. ಉಪ್ಪು ಎಂತ ಅಂತ ಅವರಿಗೆ ಗೊತ್ತುಂಟು.

ಅದೇ ಊರಿನವರು ನಾವು. ಮನೆಗೆ ಬಂದು ಯಾರೋ ಅದೇ ಮಾತು ಹೇಳಿದ್ರೆ ಅಡ್ವಾನ್ಸ್ ಕೊಡ್ತೇವೆ.

ಸಿವಿಲ್ ಕ್ಲಾಸಿನ ಗೆಳೆಯರೇ, ಇದು ನಿಮಗೆ. ಇನ್ನೆರಡು ವರ್ಷಕ್ಕೆ ಟೇಪ್ ಹಿಡಿದು ಯಾರದ್ದೋ ಮನೆಗೆ ಹೋಗುವವರು ನಾವೇ. ಆ ಮನೆಯಲ್ಲೂ ಒಬ್ಬರು ಅಮ್ಮ ಇರ್ತಾರೆ, ಸಂಘದ ಪುಸ್ತಕ ಇರ್ತದೆ. ಚದರಡಿ ರೇಟ್ ಪಕ್ಕದಲ್ಲಿ ಎರಡು ಸಾಲು ಜಾಸ್ತಿ ಬರೀರಿ, ಕನ್ನಡದಲ್ಲಿ: ಲೋಹ ಯಾವುದು, ಎಷ್ಟು ವರ್ಷ, ವರ್ಷಕ್ಕೆ ಎಂತ ಕೆಲಸ, ವಾರಂಟಿ ಯಾವುದಕ್ಕಿಲ್ಲ. ಅಷ್ಟು ಬರೆದ್ರೆ ವ್ಯಾಪಾರ ಹೋಗ್ತದೆ ಅಂತಾದ್ರೆ, ಅದು ವ್ಯಾಪಾರ ಅಲ್ಲ.

ಉಳಿದವರು ಇವತ್ತೇ ಒಂದು ಕೆಲಸ ಮಾಡಿ. ಒಂದು ಬಕೆಟ್ ಸಿಹಿನೀರು, ಒಂದು ಹಳೇ ಬಟ್ಟೆ, ಒಂದು ಹಳೇ ಬ್ರಷ್. ಟ್ರ್ಯಾಕ್ ಮೂಲೆಯ ಉಪ್ಪು ತೊಳೀರಿ. ನಾನು ಎರಡು ವಾರಕ್ಕೊಮ್ಮೆ ಮಾಡ್ತೇನೆ, ಉಳಿದ ಒಂಬತ್ತು ಕಿಟಕಿ ಇನ್ನಷ್ಟು ವರ್ಷ ಬರಲಿ ಅಂತ. ಹತ್ತನೆಯದ್ದು ಮೊದಲನೇ ಫೋಟೋದ್ದು. ಅದನ್ನು ತೆಗೆದು ಅಟ್ಟದಲ್ಲಿದ್ದ ಹೆಬ್ಬಲಸನ್ನೇ ಇಳಿಸುವುದು ಅಂತ ಅಮ್ಮ ತೀರ್ಮಾನ ಮಾಡಿದ್ದಾರೆ. ಆಚಾರಿ ಸೋಮವಾರ ಬರ್ತಾರೆ. ಫೋಟೋ ಹಾಕ್ತೇನೆ.

ಸೇವ್ ಮಾಡಿ ಇಟ್ಕೊಳ್ಳಿ. ಮನೆಯಲ್ಲಿ ಓದಲಿಕ್ಕೆ ಬಾರದವರಿಗೆ ಓದಿ ಹೇಳಿ.

#ಕಡಲೂರಿನ_ಕಿಟಕಿ #ಕರಾವಳಿ #ಉಪ್ಪುಗಾಳಿ